ಮೊಯಿ ಅವೆನ್ಯೂವಿನ ಎರಡು ಬದಿ: ನೈರೋಬಿಯ ಬೀದಿಗಳನ್ನು ನಡೆದು ಅರಿಯುವ ಬಗೆ

ಕೀನ್ಯಾದ ರಾಜಧಾನಿ ನೈರೋಬಿಯ ನಡುಪಟ್ಟಣದಲ್ಲಿ ದಕ್ಷಿಣದಿಂದ ಉತ್ತರಕ್ಕೆ ಸಾಗುವ ಮೊಯಿ ಅವೆನ್ಯೂ ಅಂಥ ಅಗಲವಾದ ರಸ್ತೆಯೇನಲ್ಲ. ಆದರೆ ಅದರ ಪಶ್ಚಿಮಕ್ಕೆ ಬ್ಯಾಂಕುಗಳು, ಸರ್ಕಾರಿ ಕಚೇರಿಗಳು, ಗಾಜಿನ ಮುಖದ ಎತ್ತರದ ಕಟ್ಟಡಗಳಿವೆ. ಪೂರ್ವಕ್ಕೆ ಮಿನಿಬಸ್ಸುಗಳ ನಿಲ್ದಾಣಗಳು, ಸಗಟು ಅಂಗಡಿಗಳು, ವಾಹನಗಳ ಬಿಡಿಭಾಗಗಳ ವ್ಯಾಪಾರ, ಫುಟ್‌ಪಾತಿನ ಮೇಲೆ ಹರಡಿಕೊಂಡ ಸಂತೆ. ಊರಿನವರು ಮೊದಲನೆಯದನ್ನು ಅಪ್‌ಟೌನ್ ಎಂದೂ ಎರಡನೆಯದನ್ನು ಡೌನ್‌ಟೌನ್ ಎಂದೂ ಕರೆಯುತ್ತಾರೆ, ಮತ್ತು ಎಲ್ಲಿಂದ ಎಲ್ಲಿಗೆ ದಾಟಿದೆವು ಎಂಬುದು ಯಾರೂ ಹೇಳದೆಯೇ ಗೊತ್ತಾಗುತ್ತದೆ. ಈ ಗೆರೆ ತಾನಾಗಿ ಮೂಡಿದ್ದಲ್ಲ. ಅದನ್ನು ಯಾರು ಎಳೆದರು, ಗೆರೆಯ ಆಚೆಗೆ ಉಳಿದವರು ತಮ್ಮ ಬದುಕಿಗಾಗಿ ಯಾವ ವ್ಯವಸ್ಥೆಯನ್ನು ಕಟ್ಟಿಕೊಂಡರು ಎಂಬುದನ್ನು ತಿಳಿಯಬೇಕಾದರೆ ನಡೆಯಬೇಕು. 2019ರ ಜನಗಣತಿಯ ಪ್ರಕಾರ ಸುಮಾರು 44 ಲಕ್ಷ ಜನರಿರುವ ಈ ನಗರದಲ್ಲಿ ದಿನನಿತ್ಯದ ಓಡಾಟದ ನೂರಕ್ಕೆ ನಲವತ್ತರ ಆಸುಪಾಸಿನ ಭಾಗ ಕಾಲ್ನಡಿಗೆಯಲ್ಲೇ ಆಗುತ್ತದೆ. ಆದ್ದರಿಂದ ಇಲ್ಲಿ ನಡೆಯುವುದೆಂದರೆ ಪ್ರವಾಸಿಗರ ವಿಹಾರವಲ್ಲ, ಊರಿನ ಬಹಳಷ್ಟು ಜನರ ರೂಢಿಯನ್ನು ಅನುಸರಿಸುವುದು.

ನಡಿಗೆಯನ್ನು ರೈಲು ನಿಲ್ದಾಣದಿಂದ ಆರಂಭಿಸುವುದೇ ಸರಿ, ಏಕೆಂದರೆ ನೈರೋಬಿ ಹುಟ್ಟಿದ್ದು ರೈಲಿನಿಂದ. ಬ್ರಿಟಿಷರು ಮೊಂಬಾಸಾ ಬಂದರಿನಿಂದ ವಿಕ್ಟೋರಿಯಾ ಸರೋವರದವರೆಗೆ ಹಳಿ ಹಾಕುವ ಕೆಲಸವನ್ನು 1896ರಲ್ಲಿ ಶುರುಮಾಡಿದರು. ಅದಕ್ಕಾಗಿ ಭಾರತದಿಂದ, ಮುಖ್ಯವಾಗಿ ಪಂಜಾಬಿನಿಂದ, ಕರಾರಿನ ಮೇಲೆ ಸುಮಾರು 32,000 ಕೂಲಿಗಳನ್ನು ಕರೆತರಲಾಯಿತು. ಅವರಲ್ಲಿ 2,500ರಷ್ಟು ಜನ ಕೆಲಸದ ಅವಧಿಯಲ್ಲೇ ಸತ್ತರು, ಸುಮಾರು 6,700 ಜನ ಕರಾರು ಮುಗಿದ ಮೇಲೂ ಅಲ್ಲೇ ಉಳಿದರು. 1899ರ ಮೇ ಕೊನೆಗೆ ಹಳಿ ಒಂದು ಜೌಗು ಬಯಲನ್ನು ತಲುಪಿತು. ಮಾಸಾಯಿ ದನಗಾಹಿಗಳು ನೀರಿಗೆ ಬರುತ್ತಿದ್ದ ಆ ಜಾಗದ ಮುಂದೆ ರಿಫ್ಟ್ ಕಣಿವೆಯ ಕಡಿದಾದ ಅಂಚು ಇದ್ದುದರಿಂದ, ಬೆಟ್ಟ ಹತ್ತುವ ಮುನ್ನ ಸಾಮಾನು ಕೂಡಿಡಲು, ಎಂಜಿನುಗಳನ್ನು ದುರಸ್ತಿ ಮಾಡಲು ಸಮತಟ್ಟಾದ ನೆಲವೊಂದು ಎಂಜಿನಿಯರುಗಳಿಗೆ ಬೇಕಿತ್ತು. ಹತ್ತಿರದಲ್ಲಿ ನೀರಿತ್ತು, ನೆಲ ಬಹುಮಟ್ಟಿಗೆ ಖಾಲಿಯಿತ್ತು, ಅಷ್ಟು ಸಾಕಾಯಿತು. ಊರು ಕಟ್ಟಲು ಆ ಜಾಗ ತಕ್ಕುದೇ ಎಂದು ಯಾರೂ ಆಗ ಯೋಚಿಸಲಿಲ್ಲ. ಮಳೆ ಬಂದರೆ ಅಲ್ಲಿನ ಎರೆಮಣ್ಣು ಕೆಸರಾಗಿ ನೀರು ನಿಲ್ಲುತ್ತಿತ್ತು, ರೋಗಗಳು ಹರಡುತ್ತಿದ್ದವು, ಊರನ್ನೇ ಬೇರೆಡೆಗೆ ಸಾಗಿಸಬೇಕೆಂದು ವೈದ್ಯರು ಒತ್ತಾಯಿಸಿದ್ದೂ ಉಂಟು. ಆದರೆ ರೈಲ್ವೆ ಅಷ್ಟರಲ್ಲಿ ಬೇರು ಬಿಟ್ಟಿತ್ತು. 1905ರಲ್ಲಿ ವಸಾಹತಿನ ಆಡಳಿತವೂ ಮೊಂಬಾಸಾದಿಂದ ಇಲ್ಲಿಗೆ ಬಂದಿತು.

ರೈಲ್ವೆಯ ಮೊದಲ ನಕ್ಷೆಯಲ್ಲಿಯೇ ಇಂದಿನ ಎರಡು ಬದಿಗಳ ಬೀಜವಿದೆ. ಪಶ್ಚಿಮದ ಎತ್ತರದ ನೆಲ ಯೂರೋಪಿಯನ್ ಅಧಿಕಾರಿಗಳ ಬಂಗಲೆಗಳಿಗೆ, ನಡುವೆ ವ್ಯಾಪಾರಕ್ಕೆ ಇಂಡಿಯನ್ ಬಜಾರು, ತಗ್ಗಿನ ಪೂರ್ವಕ್ಕೆ ಕಾರ್ಮಿಕರ ವಠಾರಗಳು. ಭಾರತೀಯ ಕೂಲಿಗಳ ಸಾಲುಮನೆಗಳನ್ನು ಲಾಂಧಿ ಎನ್ನುತ್ತಿದ್ದರು. ಪೂರ್ವದ ಲಾಂಧೀಸ್ ರೋಡ್ ಅದರ ನೆನಪನ್ನು ಇಂದಿಗೂ ಹೊತ್ತಿದೆ. 1902ರಲ್ಲಿ ಬಜಾರಿನಲ್ಲಿ ಪ್ಲೇಗು ಕಾಣಿಸಿಕೊಂಡಾಗ ಅಧಿಕಾರಿಗಳು ಅದನ್ನು ಸುಟ್ಟುಹಾಕಿಸಿದರು. ರೋಗದ ಭಯವನ್ನೇ ಮುಂದೆ ಮಾಡಿ, ಬಣ್ಣಕ್ಕೊಂದು ಬಡಾವಣೆ ಇರಬೇಕೆಂಬ ಶಿಫಾರಸು 1913ರಲ್ಲಿ ಸಿಂಪ್ಸನ್ ಎಂಬ ಆರೋಗ್ಯತಜ್ಞರ ವರದಿಯಾಗಿ ಬಂದಿತು. ಈ ವಿಂಗಡಣೆಯಲ್ಲಿ ಅತ್ಯಂತ ಕಡಿಮೆ ಜಾಗ ಸಿಕ್ಕಿದ್ದು ಆ ನೆಲದ ಆಫ್ರಿಕನ್ನರಿಗೆ. ಕೆಲಸಕ್ಕೆ ಬರುವ ಗಂಡಸಿಗೆ ಮಲಗಲು ಒಂದು ಹಾಸಿಗೆಯಷ್ಟು ಎಡೆ ಸಾಕು, ಅವನ ಸಂಸಾರ ಹಳ್ಳಿಯಲ್ಲಿರಲಿ ಎಂಬುದು ಆಡಳಿತದ ಲೆಕ್ಕಾಚಾರವಾಗಿತ್ತು. 1920ರ ಹೊತ್ತಿಗೆ ಆಫ್ರಿಕನ್ ಗಂಡಸರು ಕಿಪಾಂಡೆ ಎಂಬ ಗುರುತಿನ ಚೀಟಿಯನ್ನು ಲೋಹದ ಡಬ್ಬಿಯಲ್ಲಿಟ್ಟು ಕೊರಳಿಗೆ ನೇತುಹಾಕಿಕೊಂಡು ತಿರುಗಬೇಕಾಯಿತು. ಅಂದರೆ ಈ ಬೀದಿಗಳಲ್ಲಿ ಸುಮ್ಮನೆ ನಡೆಯುವುದಕ್ಕೂ ಅವರಿಗೆ ಅನುಮತಿ ಬೇಕಿತ್ತು. ಇಂದು ಬೆಳಗ್ಗೆ ಅದೇ ಬೀದಿಗಳಲ್ಲಿ ಹರಿದುಬರುವ ಜನಸಾಗರವನ್ನು ನೋಡುವಾಗ ಈ ಸಂಗತಿಯನ್ನು ಮರೆಯಬಾರದು.

ನಿಲ್ದಾಣದಿಂದ ಹೊರಬಂದು ಹೈಲೆ ಸೆಲಾಸಿ ಅವೆನ್ಯೂವನ್ನು ದಾಟುವಲ್ಲಿಯೇ ಒಂದು ಸ್ಮಾರಕ ಉದ್ಯಾನವಿದೆ. 1998ರ ಆಗಸ್ಟ್ 7ರಂದು ಅಮೆರಿಕದ ರಾಯಭಾರ ಕಚೇರಿಯ ಮೇಲೆ ಬಾಂಬ್ ದಾಳಿ ನಡೆದದ್ದು ಇಲ್ಲಿಯೇ. ಸತ್ತ 213 ಜನರಲ್ಲಿ ಅಮೆರಿಕನ್ನರು 12 ಮಂದಿ. ಉಳಿದವರಲ್ಲಿ ಹೆಚ್ಚಿನವರು ಪಕ್ಕದ ಕಟ್ಟಡಗಳಲ್ಲಿ ಕೆಲಸ ಮಾಡುತ್ತಿದ್ದವರು, ಬಸ್ಸಿನಲ್ಲಿ ಕುಳಿತಿದ್ದವರು, ಹಾದಿಯಲ್ಲಿ ನಡೆಯುತ್ತಿದ್ದವರು. ಅಲ್ಲಿಂದ ಉತ್ತರಕ್ಕೆ ಮೊಯಿ ಅವೆನ್ಯೂ ಹಿಡಿದು ಹೋದರೆ ಟಾಮ್ ಎಂಬೋಯಾ ಅವರ ಪ್ರತಿಮೆ ಎದುರಾಗುತ್ತದೆ. ಕಾರ್ಮಿಕ ನಾಯಕರಾಗಿ ಬೆಳೆದು, ಸ್ವಾತಂತ್ರ್ಯಕ್ಕೆ ಮುನ್ನವೇ ನೂರಾರು ವಿದ್ಯಾರ್ಥಿಗಳನ್ನು ವಿಮಾನದಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಕಳುಹಿಸುವ ಯೋಜನೆ ನಡೆಸಿ, ಮಂತ್ರಿಯಾಗಿದ್ದ ಅವರನ್ನು 1969ರ ಜುಲೈ 5ರಂದು ಇದೇ ರಸ್ತೆಯ ಔಷಧದ ಅಂಗಡಿಯೊಂದರಿಂದ ಹೊರಬರುತ್ತಿದ್ದಾಗ ಗುಂಡಿಟ್ಟು ಕೊಂದರು. ಆಗ ಅವರ ವಯಸ್ಸು 38.

ಪ್ರತಿಮೆಯ ಬಳಿಯಲ್ಲೇ ಕೀನ್ಯಾದ ರಾಷ್ಟ್ರೀಯ ಪತ್ರಾಗಾರವಿದೆ. ಒಂದು ಕಾಲಕ್ಕೆ ಬ್ಯಾಂಕ್ ಆಫ್ ಇಂಡಿಯಾ ಇದ್ದ ಈ ಕಟ್ಟಡದ ಮುಂದಿನ ಕಟ್ಟೆಯ ಆಸುಪಾಸಿನಲ್ಲಿ ಸದಾ ಯಾರೋ ಯಾರಿಗೋ ಕಾಯುತ್ತಿರುತ್ತಾರೆ; ನೈರೋಬಿಯಲ್ಲಿ ಭೇಟಿಯ ಜಾಗ ಗೊತ್ತುಮಾಡುವವರು ಸಾಮಾನ್ಯವಾಗಿ ಹೇಳುವ ಹೆಸರು ಇದೇ. ಒಳಗೆ ನೆಲ ಅಂತಸ್ತಿನಲ್ಲಿ ಆಫ್ರಿಕದ ನಾನಾ ಭಾಗಗಳಿಂದ ಕೂಡಿಸಿದ ಮುಖವಾಡಗಳು, ಆಯುಧಗಳು, ನೇಯ್ಗೆ, ವರ್ಣಚಿತ್ರಗಳಿವೆ. ಅವನ್ನು ಸಂಗ್ರಹಿಸಿದವರು 1966ರಲ್ಲಿ ಕೆಲವು ತಿಂಗಳು ದೇಶದ ಉಪಾಧ್ಯಕ್ಷರಾಗಿದ್ದ ಜೋಸೆಫ್ ಮುರುಂಬಿ. ಗೋವಾ ಮೂಲದ ವ್ಯಾಪಾರಿ ತಂದೆಗೂ ಮಾಸಾಯಿ ತಾಯಿಗೂ ಹುಟ್ಟಿದ ಅವರು ಓದಿದ್ದು ಬೆಂಗಳೂರಿನಲ್ಲಿ ಮತ್ತು ಬಳ್ಳಾರಿಯಲ್ಲಿ. ಅವರ ಆಪ್ತ ಒಡನಾಡಿಯಾಗಿದ್ದ, ನೈರೋಬಿಯಲ್ಲೇ ಹುಟ್ಟಿದ ಪಿಯೊ ಗಾಮಾ ಪಿಂಟೊ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಎರಡು ವರ್ಷ ಕಲಿತವರು. ಮರಳಿ ಹೋಗಿ ಕೀನ್ಯಾದ ಸ್ವಾತಂತ್ರ್ಯ ಹೋರಾಟಕ್ಕೆ ಇಳಿದು ಬಂಧನದಲ್ಲಿ ವರ್ಷಗಳನ್ನು ಕಳೆದ ಪಿಂಟೊ ಅವರನ್ನು 1965ರ ಫೆಬ್ರವರಿ 24ರಂದು, ಸ್ವಾತಂತ್ರ್ಯ ಬಂದು ಒಂದೂಕಾಲು ವರ್ಷ ಕಳೆಯುವುದರೊಳಗೆ, ಮನೆಯ ಮುಂದೆ ಗುಂಡಿಟ್ಟು ಕೊಲ್ಲಲಾಯಿತು. ಪೂರ್ವ ಆಫ್ರಿಕದ ಭಾರತೀಯರೆಂದರೆ ಅಂಗಡಿಕಾರರು ಎಂದಷ್ಟೇ ತಿಳಿದಿರುವ ನಾವು ಈ ಇಬ್ಬರನ್ನು ತಿಳಿದುಕೊಳ್ಳದೆ ಬಿಟ್ಟಿರುವುದು ದೊಡ್ಡ ಕೊರತೆಯೆಂದೇ ನನ್ನ ಭಾವನೆ. ಬಳ್ಳಾರಿ, ಧಾರವಾಡಗಳಲ್ಲಿ ಓದಿದವರ ಕಥೆ ನೈರೋಬಿಯ ನಡುಬೀದಿಯಲ್ಲಿದೆ ಎಂಬುದು ಕನ್ನಡಿಗರಿಗೆ ಗೊತ್ತಿರಬೇಕಾದ ಸಂಗತಿ.

ಪಶ್ಚಿಮದ ಬದಿಯನ್ನು ಬೇಗ ನೋಡಿ ಮುಗಿಸಬಹುದು. ಅಲ್ಲಿನ ಕೆನ್ಯಾಟಾ ಅವೆನ್ಯೂ ಅಷ್ಟು ಅಗಲವಾಗಿರುವುದು, ಹಲವು ಜೋಡಿ ಎತ್ತುಗಳನ್ನು ಕಟ್ಟಿದ ಗಾಡಿ ಒಂದೇ ಸಲಕ್ಕೆ ತಿರುಗಲಿ ಎಂದು. ವಸಾಹತುಗಾರ ಡೆಲಾಮಿಯರ್ ಹೆಸರಿದ್ದ ಆ ರಸ್ತೆಗೆ ಸ್ವಾತಂತ್ರ್ಯದ ನಂತರ ಮೊದಲ ಅಧ್ಯಕ್ಷರ ಹೆಸರು ಬಂದಿತು. ಹಾರ್ಡಿಂಜ್ ಸ್ಟ್ರೀಟ್ ಕಿಮಾಥಿ ಸ್ಟ್ರೀಟ್ ಆಯಿತು. ಬ್ರಿಟಿಷರು 1957ರ ಫೆಬ್ರವರಿ 18ರಂದು ಗಲ್ಲಿಗೇರಿಸಿದ, ವಸಾಹತು ಆಡಳಿತದ ವಿರುದ್ಧ ಎದ್ದ ಮಾವ್ ಮಾವ್ ದಂಗೆಯ ದಂಡನಾಯಕ ಡೆಡಾನ್ ಕಿಮಾಥಿಯ ಕಂಚಿನ ಪ್ರತಿಮೆ ಅಲ್ಲಿ ನಿಂತದ್ದು ಸರಿಯಾಗಿ ಐವತ್ತು ವರ್ಷಗಳ ಬಳಿಕ, 2007ರಲ್ಲಿ. ಹೆಸರು ಬದಲಾಯಿಸಲು ತಡವಾಗಲಿಲ್ಲ, ಹೋರಾಟಗಾರನನ್ನು ಬಹಿರಂಗವಾಗಿ ಗೌರವಿಸಲು ಅರ್ಧ ಶತಮಾನ ಬೇಕಾಯಿತು.

ಉತ್ತರಕ್ಕೆ ಇರುವ ಬಿಯಾಷರಾ ಸ್ಟ್ರೀಟ್ ಮಾತ್ರ ನಿಂತು ನೋಡಬೇಕಾದ ಬೀದಿ. ಸುಟ್ಟುಹೋದ ಬಜಾರಿನ ವ್ಯಾಪಾರ ಮತ್ತೆ ಚಿಗುರಿದ ಈ ಬೀದಿಯಲ್ಲಿ ಗುಜರಾತಿ ಮನೆತನಗಳು ತಲೆಮಾರುಗಳಿಂದ ಬಟ್ಟೆಯ ವ್ಯಾಪಾರ ನಡೆಸುತ್ತ ಬಂದಿವೆ. ಹೆಂಗಸರು ಸುತ್ತಿಕೊಳ್ಳುವ, ಅಂಚಿನಲ್ಲಿ ಸ್ವಾಹಿಲಿಯ ಒಂದು ಗಾದೆ ಅಚ್ಚಾಗಿರುವ ಕಾಂಗಾ ಬಟ್ಟೆಗಳು, ಕರಾವಳಿಯ ಕಿಕೋಯಿಗಳು, ಕಂಬಳಿಗಳು ಇಲ್ಲಿ ರಾಶಿ ರಾಶಿಯಾಗಿ ಸಿಗುತ್ತವೆ. ಹತ್ತಿರದಲ್ಲೇ ಇರುವ ಜೀವನ್‌ಜೀ ಉದ್ಯಾನವನ್ನು ಊರಿಗೆ ಕೊಟ್ಟವರು, ಕರಾಚಿಯಲ್ಲಿ ಹುಟ್ಟಿ ರೈಲ್ವೆಯ ಗುತ್ತಿಗೆದಾರರಾಗಿ ಬಂದ ಅಲಿಭಾಯಿ ಮುಲ್ಲಾ ಜೀವನ್‌ಜೀ. 1991ರಲ್ಲಿ ಈ ಉದ್ಯಾನದ ಜಾಗದಲ್ಲಿ ಬಹುಮಹಡಿ ಕಟ್ಟಡ ಎಬ್ಬಿಸುವ ಯೋಜನೆ ಬಂದಾಗ ಜೀವನ್‌ಜೀ ಅವರ ಮೊಮ್ಮಗಳು ಜರೀನಾ ಪಟೇಲ್ ಮತ್ತು ಮುಂದೆ ನೊಬೆಲ್ ಶಾಂತಿ ಪುರಸ್ಕಾರ ಪಡೆದ ವಾಂಗಾರಿ ಮಾಥಾಯಿ ಅದನ್ನು ವಿರೋಧಿಸಿ ನಿಂತರು, ಯೋಜನೆ ನಿಂತಿತು. ಮಧ್ಯಾಹ್ನದ ಬಿಡುವಿನಲ್ಲಿ ಬೋಧಕರು, ಹಾಸ್ಯಗಾರರು, ರಾಜಕೀಯ ಚರ್ಚೆ ನಡೆಸುವವರು ತಮ್ಮ ತಮ್ಮ ಗುಂಪು ಕೂಡಿಸಿಕೊಂಡು ಮಾತನಾಡುವುದು ಇಂದಿಗೂ ಅಲ್ಲೇ. ಇನ್ನು ಜಾಮಿಯಾ ಮಸೀದಿಯ ಎದುರಿನ ಮೆಕ್‌ಮಿಲನ್ ಗ್ರಂಥಾಲಯ 1931ರಲ್ಲಿ ತೆರೆದಾಗ ಬಿಳಿಯರಿಗೆ ಮಾತ್ರ ಪ್ರವೇಶವಿತ್ತು. ಎಲ್ಲರಿಗೂ ಬಾಗಿಲು ತೆರೆದದ್ದು 1950ರ ದಶಕದ ಕೊನೆಗೆ.

ಇಲ್ಲಿಂದ ಹಿಂತಿರುಗಿ ಮೊಯಿ ಅವೆನ್ಯೂವನ್ನು ದಾಟಿ ಟಾಮ್ ಎಂಬೋಯಾ ಸ್ಟ್ರೀಟಿಗೆ ಬಂದರೆ ಮೊದಲು ಕಿವಿಗೆ ಬೀಳುವುದು ಮಟಾಟುಗಳ ಹಾರನ್ನು ಮತ್ತು ಹಾಡು. ಮಟಾಟು ಎಂದರೆ ಖಾಸಗಿಯವರು ಓಡಿಸುವ 14 ಆಸನಗಳ ವ್ಯಾನು ಅಥವಾ 33 ಆಸನಗಳ ಮಿನಿಬಸ್ಸು. ಮೈಮೇಲೆಲ್ಲ ಗಾಯಕರ, ಆಟಗಾರರ, ದೇವರ ಚಿತ್ರಗಳನ್ನು ಬರೆಸಿಕೊಂಡು, ಒಳಗೆ ಬಣ್ಣದ ದೀಪಗಳನ್ನು ಹಾಕಿಸಿಕೊಂಡು ಓಡುವ ಈ ವಾಹನಗಳು ಹೊರಗಿನವರಿಗೆ ಬರೀ ಗದ್ದಲವೆನ್ನಿಸುತ್ತವೆ. ಆದರೆ ನಗರದ ಸಾರ್ವಜನಿಕ ಸಾರಿಗೆ ಬಹುಪಾಲು ಇವುಗಳದ್ದೇ, ಮತ್ತು ಅದಕ್ಕೊಂದು ಖಚಿತವಾದ ಲೆಕ್ಕವಿದೆ. ಸ್ವಾತಂತ್ರ್ಯದ ನಂತರ ಹಳ್ಳಿಗಳಿಂದ ಜನ ಬಂದು ಪೂರ್ವದ ಬಡಾವಣೆಗಳು ಬೆಳೆದಾಗ, ಪರವಾನಗಿ ಪಡೆದ ಏಕೈಕ ಬಸ್ ಕಂಪನಿ ಅಲ್ಲಿಗೆಲ್ಲ ಹೋಗುತ್ತಿರಲಿಲ್ಲ. ಹಳೆಯ ವ್ಯಾನುಗಳ ಮಾಲೀಕರು ಕಾನೂನಿನ ಕಣ್ಣು ತಪ್ಪಿಸಿ ಆ ಕೆಲಸ ಮಾಡುತ್ತಿದ್ದರು. 1973ರಲ್ಲಿ ಅಧ್ಯಕ್ಷ ಜೋಮೊ ಕೆನ್ಯಾಟಾ ಆ ಮಾಲೀಕರಿಗೆ ಪರವಾನಗಿಯಿಲ್ಲದೆ ಓಡಿಸುವ ಅವಕಾಶ ಕೊಟ್ಟ ಮೇಲೆ ಅವುಗಳ ಸಂಖ್ಯೆ ಬೆಳೆಯುತ್ತಲೇ ಹೋಯಿತು.

ಲೆಕ್ಕ ಹೀಗಿದೆ. ವಾಹನದ ಮಾಲೀಕನಿಗೆ ದಿನಕ್ಕೆ ಇಷ್ಟು ಎಂದು ಗೊತ್ತುಪಡಿಸಿದ ಮೊತ್ತವನ್ನು ಸಿಬ್ಬಂದಿ ಕಟ್ಟಬೇಕು. ಇಂಧನದ ಖರ್ಚು, ನಿಲ್ದಾಣದಲ್ಲಿ ಕೂಗಿ ಜನ ಹತ್ತಿಸುವವರ ಪಾಲು, ದಾರಿಯುದ್ದಕ್ಕೂ ಕೈ ಒಡ್ಡುವವರ ಪಾಲು ಎಲ್ಲ ಕಳೆದು ಉಳಿದದ್ದು ಚಾಲಕನಿಗೂ ಕಂಡಕ್ಟರಿಗೂ. ಆದ್ದರಿಂದ ಅರ್ಧ ತುಂಬಿದ ವಾಹನ ಹೊರಡುವುದಿಲ್ಲ, ತುಂಬಿದ ವಾಹನ ನಿಧಾನವಾಗಿ ಹೋಗುವುದಿಲ್ಲ. ವಾಹನ ಬೇಗ ತುಂಬುವಂತೆ ಕಾಣಲಿ ಎಂದು ಕೆಲವೊಮ್ಮೆ ಹಣ ಕೊಟ್ಟು ಹುಸಿ ಪ್ರಯಾಣಿಕರನ್ನು ಕೂರಿಸುವುದೂ ಉಂಟು. ನಿಜವಾದ ಪ್ರಯಾಣಿಕರು ಬಂದಂತೆ ಅವರು ಒಬ್ಬೊಬ್ಬರಾಗಿ ಇಳಿದು ಹಿಂದಿನ ವಾಹನಕ್ಕೆ ಹೋಗಿ ಕೂರುತ್ತಾರೆ. ಟಿಕೆಟ್ ದರ ಬೆಳಗ್ಗೆಗೊಂದು, ನಡುಹಗಲಿಗೊಂದು, ಸಂಜೆಗೊಂದು. ಮಳೆ ಬಂದರೆ ಇನ್ನೊಂದು. ಗಾಡಿಗಳ ಮೈಮೇಲಿನ ಚಿತ್ರಗಳೂ ಈ ಲೆಕ್ಕದ ಭಾಗವೇ ಆಗಿವೆ. ಒಂದೇ ಮಾರ್ಗದಲ್ಲಿ ಒಂದೇ ದರಕ್ಕೆ ಹತ್ತು ಗಾಡಿಗಳು ನಿಂತಿರುವಾಗ ಕಾಲೇಜು ಹುಡುಗರು ಹಾಡು ಚೆನ್ನಾಗಿರುವ ಗಾಡಿಗೆ ಕಾಯುತ್ತಾರೆ. 2004ರಲ್ಲಿ ಸಾರಿಗೆ ಸಚಿವ ಜಾನ್ ಮಿಚುಕಿ ಸೀಟ್ ಬೆಲ್ಟು, ಗಂಟೆಗೆ 80 ಕಿಲೋಮೀಟರಿನ ವೇಗಮಿತಿಯ ಉಪಕರಣ, ಬದಿಗೆ ಹಳದಿ ಪಟ್ಟೆ ಕಡ್ಡಾಯ ಮಾಡಿದರು. 2010ರ ನಂತರ ಮಾಲೀಕರು ಸಹಕಾರ ಸಂಘಗಳ ಅಡಿಯಲ್ಲಿ ಸೇರಬೇಕಾಯಿತು. ಆದರೆ ದಿನದ ಗುರಿಮೊತ್ತ ಎಂಬ ಮೂಲ ಕಟ್ಟಳೆ ಬದಲಾಗಲಿಲ್ಲ, ಹಾಗಾಗಿ ಚಾಲನೆಯ ರೀತಿಯೂ ಅಷ್ಟಾಗಿ ಬದಲಾಗಲಿಲ್ಲ. ಚಾಲಕರನ್ನು ಬೈಯುವವರು ಈ ಲೆಕ್ಕವನ್ನು ನೋಡುವುದಿಲ್ಲ ಎಂಬುದು ನನಗೆ ಅನ್ಯಾಯವಾಗಿ ತೋರುತ್ತದೆ. ಎಲ್ಲಿಂದ ಎಲ್ಲಿಗೆ ಯಾವ ಮಟಾಟು ಹೋಗುತ್ತದೆ ಎಂಬ ಪೂರ್ಣ ನಕ್ಷೆ ಕಾಗದದ ಮೇಲೆ ಮೂಡಿದ್ದು 2014ರಲ್ಲಿ, ನೈರೋಬಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮೊಬೈಲು ಹಿಡಿದು ಗಾಡಿಗಳಲ್ಲಿ ಕುಳಿತು 130ಕ್ಕೂ ಹೆಚ್ಚು ಮಾರ್ಗಗಳನ್ನು ಗುರುತಿಸಿದ ಮೇಲೆ. ಅಲ್ಲಿಯವರೆಗೆ ಆ ನಕ್ಷೆ ಜನರ ತಲೆಯಲ್ಲಿ ಮಾತ್ರ ಇತ್ತು.

ಇನ್ನೂ ಪೂರ್ವಕ್ಕೆ ಇಳಿದರೆ ಲುಥುಲಿ ಅವೆನ್ಯೂವಿನ ರೇಡಿಯೊ, ಸ್ಪೀಕರು, ಮೊಬೈಲಿನ ಅಂಗಡಿಗಳು, ರಿವರ್ ರೋಡಿನ ಅಗ್ಗದ ವಸತಿಗೃಹಗಳು, ಮುದ್ರಣಾಲಯಗಳು, ದೂರದ ಊರಿಗೆ ಹೋಗುವ ಬಸ್ಸುಗಳ ಕಚೇರಿಗಳು. ಅಂಗಡಿಗಳ ಮುಂದೆ ಫುಟ್‌ಪಾತಿನಲ್ಲಿ ಇನ್ನೊಂದು ಸಾಲು ವ್ಯಾಪಾರ. ಇವರಲ್ಲಿ ಅನೇಕರು ಸರಕನ್ನು ಒಂದು ಬಟ್ಟೆಯ ಮೇಲೆ ಹರವಿರುತ್ತಾರೆ. ನಾಲ್ಕು ಮೂಲೆಗಳನ್ನು ಒಟ್ಟಿಗೆ ಎಳೆದರೆ ಅದು ಕ್ಷಣದಲ್ಲಿ ಗಂಟಾಗುತ್ತದೆ. ಕಾಂಜೊ ಎಂದು ಜನ ಕರೆಯುವ ನಗರಾಡಳಿತದ ಕಾವಲುಗಾರರು ಬರುವ ಸುಳಿವು ಸಿಕ್ಕೊಡನೆ ಇಡೀ ಸಾಲು ಎದ್ದು ಕಟ್ಟಡಗಳ ನಡುವಿನ ಓಣಿಗಳಲ್ಲಿ ಮರೆಯಾಗುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಬಂದು ಕೂರುತ್ತದೆ. ವಸಾಹತು ಕಾಲದ ಪಟ್ಟಣದ ನಿಯಮಗಳಲ್ಲಿ ಆಫ್ರಿಕನ್ ಬೀದಿ ವ್ಯಾಪಾರಿ ಒಂದು ಉಪದ್ರವ ಮಾತ್ರವಾಗಿದ್ದ; ಆ ನೋಟ ಇನ್ನೂ ಪೂರ್ತಿ ಹೋಗಿಲ್ಲ.

ಹಸಿವಾದರೆ ಇಲ್ಲಿ ತಗಡಿನ ಚಿಕ್ಕ ಹೋಟೆಲುಗಳಿವೆ. ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆಯಾದ ಉಗಾಲಿ, ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯ, ಬೇಯಿಸಿದ ಹುರುಳಿಕಾಯಿ ಬೀಜದ ಜೊತೆಗೆ ಚಪಾತಿ, ಹಾಲು ಹಾಕಿ ಕುದಿಸಿದ ಚಹಾ. ರೈಲ್ವೆ ಕೂಲಿಗಳೊಂದಿಗೆ ಬಂದ ಚಪಾತಿ ಇಂದು ಕೀನ್ಯಾದ ಮನೆಗಳಲ್ಲಿ ಹಬ್ಬದ ಅಡಿಗೆ. ಅದನ್ನು ಯಾರೂ ಪರದೇಶದ್ದೆಂದು ಎಣಿಸುವುದಿಲ್ಲ. ಊಟದ ಹಣವನ್ನು ನೋಟಿನಲ್ಲಿ ಕೊಡುವವರು ಕಡಿಮೆ. 2007ರ ಮಾರ್ಚಿನಲ್ಲಿ ಸಫಾರಿಕಾಂ ಕಂಪನಿ ಶುರುಮಾಡಿದ ಎಂ-ಪೇಸಾ ಸೇವೆಗೆ ಬ್ಯಾಂಕ್ ಖಾತೆಯೂ ಬೇಡ, ಸ್ಮಾರ್ಟ್‌ಫೋನೂ ಬೇಡ. ಬೀದಿಗೆ ನಾಲ್ಕರಂತೆ ಇರುವ ಹಸಿರು ಬಣ್ಣದ ಗೂಡಂಗಡಿಗಳಲ್ಲಿ ನಗದು ಕೊಟ್ಟರೆ ಅಷ್ಟೇ ಮೊತ್ತ ಫೋನಿನ ಲೆಕ್ಕಕ್ಕೆ ಬರುತ್ತದೆ. ಸಂದೇಶದ ಮೂಲಕ ಅದನ್ನು ಯಾರಿಗೆ ಬೇಕಾದರೂ ಕಳುಹಿಸಬಹುದು, ಪಡೆದವರು ತಮ್ಮೂರಿನ ಗೂಡಂಗಡಿಯಲ್ಲಿ ನಗದು ಪಡೆಯಬಹುದು. ಗಂಡಸರು ಪಟ್ಟಣದಲ್ಲಿ, ಸಂಸಾರ ಹಳ್ಳಿಯಲ್ಲಿ ಎಂದು ವಸಾಹತು ಆಡಳಿತ ಒಡೆದಿಟ್ಟಿದ್ದ ಬದುಕಿನಲ್ಲಿ ಊರಿಗೆ ಹಣ ಕಳುಹಿಸುವುದು ತಲೆಮಾರುಗಳ ಚಿಂತೆಯಾಗಿತ್ತು. ಬಸ್ ಚಾಲಕನ ಕೈಯಲ್ಲಿ ಲಕೋಟೆ ಕೊಟ್ಟು ದೇವರ ಮೇಲೆ ಭಾರ ಹಾಕುವ ಕಾಲವಿತ್ತು. ಈ ಸೇವೆ ಅಷ್ಟು ಬೇಗ ಹಬ್ಬಲು ತಂತ್ರಜ್ಞಾನಕ್ಕಿಂತ ಆ ಹಳೆಯ ಅಗತ್ಯವೇ ದೊಡ್ಡ ಕಾರಣ.

ಲಾಂಧೀಸ್ ರೋಡ್ ದಾಟಿ ಕಮುಕುಂಜಿಗೆ ಬಂದರೆ ಸುತ್ತಿಗೆಯ ಸದ್ದು ಮಾತನ್ನು ನುಂಗುತ್ತದೆ. ನೆತ್ತಿ ಸುಡುವ ಬಿಸಿಲಲ್ಲಿ ದುಡಿಯುವವರು ಎಂಬ ಅರ್ಥದಲ್ಲಿ ಇಲ್ಲಿನ ಕುಶಲಕರ್ಮಿಗಳಿಗೆ ಜುವಾ ಕಾಲಿ ಎಂಬ ಹೆಸರು. ಹಳೆಯ ಎಣ್ಣೆ ಡ್ರಮ್ಮನ್ನು ಅಡ್ಡ ಮಲಗಿಸಿ, ಅಂಚಿಗೆ ಉಳಿಯಿಟ್ಟು ಹೊಡೆಯುತ್ತ ಸುತ್ತ ಸೀಳುತ್ತಾರೆ. ಬಿಡಿಸಿದ ತಗಡನ್ನು ರೈಲು ಹಳಿಯ ತುಂಡಿನ ಮೇಲಿಟ್ಟು ಬಡಿದು ನೇರಮಾಡುತ್ತಾರೆ. ಒಬ್ಬನ ಕೆಲಸ ಕತ್ತರಿಸುವುದು, ಪಕ್ಕದವನದು ಮಡಚುವುದು, ಮೂರನೆಯವನದು ರಿವೆಟ್ ಹೊಡೆಯುವುದು, ಕೊನೆಯಲ್ಲಿ ಬಣ್ಣ ಬಳಿಯುವವನು. ಹೀಗೆ ಬಾಣಲೆ, ಕೈಗಾಡಿ, ಟ್ರಂಕು, ಇದ್ದಿಲಿನ ಒಲೆ ತಯಾರಾಗುತ್ತವೆ. ಜನವರಿಯಲ್ಲಿ ಹೊಸದಾಗಿ ಹೈಸ್ಕೂಲಿನ ವಸತಿಶಾಲೆಗೆ ಸೇರುವ ಮಕ್ಕಳಿಗೆ ತಗಡಿನ ಟ್ರಂಕು ಬೇಕೇ ಬೇಕಾದ್ದರಿಂದ ಆ ಹೊತ್ತಿಗೆ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಇಲ್ಲಿಯ ಒಲೆ ವಿಶೇಷವಾದದ್ದು: ನಡು ಸಣ್ಣಗಿರುವ ತಗಡಿನ ಕವಚದೊಳಗೆ ಸುಟ್ಟ ಮಣ್ಣಿನ ಅಸ್ತರಿ ಕೂರಿಸಿದ ಈ ಮಾದರಿ 1980ರ ದಶಕದಲ್ಲಿ ರೂಪುಗೊಂಡಿತು. ಮಣ್ಣು ಶಾಖವನ್ನು ಹಿಡಿದಿಡುವುದರಿಂದ ಬರೀ ತಗಡಿನ ಒಲೆಗಿಂತ ಇದ್ದಿಲು ಕಡಿಮೆ ಸಾಕು. ಪ್ರಯೋಗಾಲಯದ ಆಲೋಚನೆಯನ್ನು ಲಕ್ಷಾಂತರ ಅಡಿಗೆಮನೆಗಳಿಗೆ ಮುಟ್ಟಿಸಿದವರು ಈ ಕಮ್ಮಾರರೇ.

ಪಕ್ಕದ ಗಿಕೊಂಬಾ, ಮಿಟುಂಬಾ ಎಂಬ ಹಳೆಯ ಬಟ್ಟೆಗಳ ಸಂತೆ. ಯೂರೋಪ್, ಅಮೆರಿಕ, ಏಷ್ಯಾಗಳಲ್ಲಿ ಉಟ್ಟು ಬಿಟ್ಟ ಬಟ್ಟೆಗಳು ವಿಂಗಡಣೆಗೊಂಡು, ಬಿಗಿಯಾಗಿ ಒತ್ತಿ ಕಟ್ಟಿದ ಬೇಲುಗಳಾಗಿ ಮೊಂಬಾಸಾದ ಮೂಲಕ ಇಲ್ಲಿಗೆ ಬರುತ್ತವೆ. ಬೇಲಿನೊಳಗೆ ಏನಿದೆ ಎಂದು ತಿಳಿಯದೆಯೇ ವ್ಯಾಪಾರಿ ಹಣ ಕೊಟ್ಟಿರುತ್ತಾನೆ, ಅಥವಾ ಕೊಟ್ಟಿರುತ್ತಾಳೆ. ಬೆಳಗಿನ ಜಾವ ಪಟ್ಟಿ ಕತ್ತರಿಸಿದಾಗಲೇ ಆ ವಾರದ ನಸೀಬು ಗೊತ್ತಾಗುವುದು. ಮೊದಲು ಬಂದ ಗಿರಾಕಿಗಳು ಒಳ್ಳೆಯ ತುಂಡುಗಳನ್ನು ಹೆಚ್ಚಿನ ಬೆಲೆಗೆ ಆಯ್ದುಕೊಂಡು ಪಟ್ಟಣದ ಅಂಗಡಿಗಳಿಗೆ ಒಯ್ಯುತ್ತಾರೆ, ಹೊತ್ತು ಏರಿದಂತೆ ಬೆಲೆ ಇಳಿಯುತ್ತದೆ, ಸಂಜೆಗೆ ಉಳಿದದ್ದು ರಾಶಿಯ ಲೆಕ್ಕದಲ್ಲಿ ಹೋಗುತ್ತದೆ. 1990ರ ದಶಕದಲ್ಲಿ ಆಮದಿನ ಬಾಗಿಲು ತೆರೆದ ಮೇಲೆ ಕೀನ್ಯಾದ ಸ್ವಂತ ಬಟ್ಟೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ನಷ್ಟ ದೊಡ್ಡದು, ಅದನ್ನು ಅಲ್ಲಗಳೆಯಲಾಗದು. ಆದರೆ ಬೇಲು ಹೊರುವವರಿಂದ ಹಿಡಿದು ಗುಂಡಿ ಹೊಲಿಯುವವರು, ಇಸ್ತ್ರಿ ಮಾಡುವವರು, ಉದ್ದ ಕತ್ತರಿಸಿಕೊಡುವ ದರ್ಜಿಗಳವರೆಗೆ ಎಷ್ಟೋ ಕುಟುಂಬಗಳ ಅನ್ನ ಇದರಲ್ಲಿದೆ ಎಂಬುದೂ ಅಷ್ಟೇ ನಿಜ. ಈ ಸಂತೆ ಮತ್ತೆ ಮತ್ತೆ ಬೆಂಕಿಗೆ ಆಹುತಿಯಾಗಿದೆ, ಪ್ರತಿ ಸಲವೂ ವ್ಯಾಪಾರಿಗಳು ಬೂದಿ ಗುಡಿಸಿ ಹೊಸ ಕಂಬ ನೆಟ್ಟಿದ್ದಾರೆ.

ಗೆರೆಯ ಪೂರ್ವದಲ್ಲಿ ನಡೆಯುವ ಈ ವ್ಯವಹಾರವೆಲ್ಲ ಪಶ್ಚಿಮದ ಕಚೇರಿಗಳಿಗೆ ಎಷ್ಟು ಬೇಕಾದದ್ದು ಎಂಬುದು 2018ರ ಡಿಸೆಂಬರ್ 3ರಂದು ಎಲ್ಲರ ಕಣ್ಣಿಗೆ ಬಿದ್ದಿತು. ಅಂದಿನ ಗವರ್ನರ್ ಮೈಕ್ ಸೋಂಕೊ ಅವರ ಆಡಳಿತ, ವಾಹನದಟ್ಟಣೆ ತಗ್ಗಿಸಲು ಮಟಾಟುಗಳು ನಡುಪಟ್ಟಣಕ್ಕೆ ಬರಬಾರದೆಂಬ ಆದೇಶವನ್ನು ಆ ಬೆಳಗ್ಗೆ ಜಾರಿಗೆ ತಂದಿತು. ಪ್ರಯಾಣಿಕರನ್ನು ಊರಂಚಿನ ನಿಲ್ದಾಣಗಳಲ್ಲಿ ಇಳಿಸಲಾಯಿತು. ಕಚೇರಿಯವರು, ಶಾಲೆಯ ಮಕ್ಕಳು, ಕೂಸು ಕಟ್ಟಿಕೊಂಡ ತಾಯಂದಿರು, ಊರುಗೋಲು ಹಿಡಿದವರು, ಎಲ್ಲರೂ ರಸ್ತೆ ತುಂಬ ನಡೆದೇ ಒಳಗೆ ಬರಬೇಕಾಯಿತು. ಅವರು ನಡೆಯಬೇಕಾದ ದಾರಿಗಳಲ್ಲಿ ಹಲವೆಡೆ ಫುಟ್‌ಪಾತೇ ಇರಲಿಲ್ಲ. ಜನರ ಸಿಟ್ಟು ಎಷ್ಟಿತ್ತೆಂದರೆ ಆದೇಶ ಒಂದೆರಡು ದಿನವೂ ನಿಲ್ಲದೆ ಹಿಂದಕ್ಕೆ ಹೋಯಿತು, ಗಾಡಿಗಳು ಮತ್ತೆ ಟಾಮ್ ಎಂಬೋಯಾ ಸ್ಟ್ರೀಟಿಗೆ ಬಂದು ನಿಂತವು.